ಕೊಟ್ಟಿಗೆಯಲ್ಲಿ ಅಹಿಂಸಾಣುವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಶ್ರಾವಕನು ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ತ್ಯಜಿಸಿದವನು. ಆತನು ತಾನು ಕೊಲ್ಲನು, ಪರರಿಂದ ಕೊಲ್ಲಿಸನು, ಕೊಂದವನನ್ನು ಮೆಚ್ಚನು. ಇಷ್ಟಕ್ಕೇ ವ್ರತವು ಪೂರ್ಣವಾಯಿತೆಂದು ನೆಮ್ಮದಿಯಿಂದಿರುವವರು ನಮ್ಮ ಸಮಾಜದಲ್ಲಿ ಬಹಳ ಮಂದಿ. ಆದರೆ ಆಚಾರ್ಯರು ಅಲ್ಲಿಗೇ ನಿಲ್ಲಿಸಲಿಲ್ಲ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಶಕ್ತಿಮೀರಿ ಭಾರ ಹೊರಿಸುವುದು, ಅನ್ನಪಾನಗಳನ್ನು ತಡೆಯುವುದು, ಇವೇ ಆ ಐದು. ಈ ಪಟ್ಟಿಯನ್ನು ನಿಧಾನವಾಗಿ ಓದಿ ನೋಡಿದರೆ, ಇದು ರಣರಂಗವನ್ನೋ ಕಸಾಯಿಖಾನೆಯನ್ನೋ ಕುರಿತ ಮಾತಲ್ಲವೆಂದು ಯಾರಿಗಾದರೂ ತಿಳಿಯುವುದು. ಇದು ಕೊಟ್ಟಿಗೆಯ ಮಾತು. ಮನೆಯ ಆಳುಕಾಳುಗಳ ವಿಷಯದಲ್ಲಿಯೂ ಇದು ಸಲ್ಲುವುದು ನಿಜ. ಆದರೆ ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಐದನೆಯ ಅತಿಚಾರವನ್ನು ಬಿಡಿಸಿ ಹೇಳುವಾಗ ಗೋವು ಮೊದಲಾದವುಗಳ ಹಸಿವು ಬಾಯಾರಿಕೆಗಳನ್ನೇ ಎತ್ತಿ ಹೇಳಿದ್ದಾರೆ. ವಧವೆಂದರೆ ಇಲ್ಲಿ ಕೋಲು ಚಾವಟಿಗಳಿಂದ ಹೊಡೆಯುವುದೇ ಹೊರತು ಕೊಲ್ಲುವುದಲ್ಲ, ಕೊಲೆಯನ್ನು ವ್ರತಿಯು ಮೊದಲೇ ಬಿಟ್ಟಿರುತ್ತಾನೆ ಎಂಬ ಅವರ ವಿವರಣೆಯೂ ಗಮನಿಸತಕ್ಕದ್ದು. ಕೊಲ್ಲದವನ ಮನೆಯೊಳಗೇ ಹಿಂಸೆಯು ಎಲ್ಲೆಲ್ಲಿ ಅಡಗಿರಬಹುದೆಂಬ ವಿಚಾರಣೆ ಇದು.

ಚಿಕ್ಕೋಡಿ, ಅಥಣಿ, ಹುಕ್ಕೇರಿಗಳ ಕಡೆಯ ನಮ್ಮ ಶ್ರಾವಕರಲ್ಲಿ ಹೊಲಮನೆಯವರೇ ಹೆಚ್ಚು. ಎಮ್ಮೆಯೋ ಆಕಳೋ ಇಲ್ಲದ ಮನೆ ವಿರಳ. ೧೯೭೪ರಲ್ಲಿ ರಾಜ್ಯದಲ್ಲಿ ಹಾಲಿನ ಅಭಿವೃದ್ಧಿ ನಿಗಮ ಏರ್ಪಟ್ಟು, ಅದು ಮುಂದೆ ಹಾಲು ಮಹಾಮಂಡಳವಾಗಿ, ಊರೂರಿಗೆ ಸಹಕಾರ ಸಂಘಗಳು ಬಂದ ಮೇಲೆ, ಮನೆಯ ಮಕ್ಕಳಿಗೆಂದು ಇದ್ದ ಹಾಲು ಲೀಟರಿನ ಲೆಕ್ಕಕ್ಕೆ ಬಿತ್ತು. ಇದರಿಂದ ಅನೇಕ ಸಂಸಾರಗಳು ನೆಟ್ಟಗಾದವು, ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ನಿಂತಿತು. ಇದನ್ನು ಹಳಿಯುವುದು ಸಲ್ಲದು. ಆದರೆ ಆರಂಭೀ ಹಿಂಸೆಯ ಎಲ್ಲೆಯಲ್ಲಿದ್ದ ಪಶುಪಾಲನೆಯು ಉದ್ಯೋಗೀ ಹಿಂಸೆಯ ಎಲ್ಲೆಗೆ ಬಂದಿತೆಂಬುದನ್ನು ನಾವು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಇಂದು ಪಟ್ಟಣದಲ್ಲಿ ಓದುವ ನಮ್ಮ ಮಕ್ಕಳು ಊರಿಗೆ ಬಂದಾಗ, ಹಾಲು ಕುಡಿಯುವುದೇ ಹಿಂಸೆಯಲ್ಲವೆ ಎಂದು ಕೇಳುತ್ತಾರೆ. ಅದೇ ಮನೆಯ ಯಜಮಾನರು ಚಾತುರ್ಮಾಸ್ಯದಲ್ಲಿ ಮುನಿಗಳ ಸನ್ನಿಧಿಯಲ್ಲಿ ತಗ್ಗಿದ ದನಿಯಲ್ಲಿ ಕೇಳುವುದು ಬೇರೊಂದು: ಹೋರಿಗರುವನ್ನು ಏನು ಮಾಡಬೇಕು? ಮಕ್ಕಳ ಪ್ರಶ್ನೆಗೆ ಸಿಟ್ಟಾಗುವ ಹಿರಿಯರು ತಮ್ಮ ಪ್ರಶ್ನೆಯೂ ಅದೇ ಎಂಬುದನ್ನು ಕಾಣುವುದಿಲ್ಲ.

ಮೊದಲು ಹಾಲಿನ ಶುದ್ಧಿಯನ್ನು ನೋಡೋಣ. ಕರೆದ ಹಾಲನ್ನು ಎರಡು ಘಳಿಗೆಯೊಳಗೆ, ಎಂದರೆ ೪೮ ನಿಮಿಷಗಳೊಳಗೆ, ಸೋಸಿ ಕಾಯಿಸಬೇಕೆಂಬ ನಿಯಮ ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮುನಿಗಳ ಆಹಾರಕ್ಕೆ ಚೌಕ ಹಾಕುವ ಮನೆಯವರು ಪೊಟ್ಟಣದ ಹಾಲನ್ನು ಬಳಸದೆ ಮನೆಯಲ್ಲಿಯೇ ಆಕಳನ್ನು ಸಾಕುವುದಕ್ಕೆ ಈ ಮರ್ಯಾದೆಯೇ ಕಾರಣ. ಈದ ಆಕಳ ಹಾಲು ಹತ್ತು ದಿನ, ಎಮ್ಮೆಯದು ಹದಿನೈದು ದಿನ, ಆಡಿನದು ಎಂಟು ದಿನ ಅಶುದ್ಧವೆಂಬ ಸೂತಕದ ವಿಧಿಯೂ ಇದೆ. ವಿಧಿಯು ಅಶುದ್ಧಿಯ ಹೆಸರಿನಲ್ಲಿ ಬಂದಿದ್ದರೂ ಅದರ ಫಲ ಸಲ್ಲುವುದು ಕರುವಿಗೆ. ಹುಟ್ಟಿದ ಕರುವಿನ ಮೈಯಲ್ಲಿ ರೋಗವನ್ನು ತಡೆಯುವ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಅದು ತಾಯಿಯ ಮೊದಲ ಗಿಣ್ಣುಹಾಲಿನಿಂದಲೇ ಬರಬೇಕು, ಅದೂ ಹುಟ್ಟಿದ ಮೊದಲ ಕೆಲವು ತಾಸುಗಳಲ್ಲಿ ಕುಡಿದರೆ ಮಾತ್ರ ಪೂರ್ತಿಯಾಗಿ ಮೈಗೆ ಹತ್ತುವುದೆಂದು ಪಶುವೈದ್ಯರು ಹೇಳುತ್ತಾರೆ. ಹಾಗಿರುವಾಗ ಗಿಣ್ಣದ ಬಟ್ಟಲನ್ನು ನೆರೆಮನೆಗೆ ಹಂಚಿ ಕರುವಿಗೆ ಕಲಗಚ್ಚು ಇಡುವ ಮನೆಯಲ್ಲಿ, ಹನ್ನೊಂದನೆಯ ದಿನ ಹಾಲನ್ನು ಎಷ್ಟು ಸೂಕ್ಷ್ಮವಾದ ಬಟ್ಟೆಯಲ್ಲಿ ಸೋಸಿದರೇನು? ಸೋಸುವ ಬಟ್ಟೆಯು ಹಾಲಿನಲ್ಲಿ ಬಿದ್ದ ಜೀವಿಯನ್ನು ಹಿಡಿಯಬಲ್ಲದು. ಹಾಲು ಬಂದ ಬಗೆಯನ್ನು ಹಿಡಿಯಲಾರದು. ಆಹಾರದಾನದ ಶುದ್ಧಿಯು ಒಲೆಯ ಬಳಿಯಲ್ಲಿ ಆರಂಭವಾಗದೆ ಗೂಟದ ಬಳಿಯಲ್ಲಿಯೇ ಆರಂಭವಾಗುವುದೆಂದು ನನ್ನ ನಂಬಿಕೆ.

ಈ ಪತ್ರಿಕೆಯ ಓದುಗರಿಗೆ ಹತ್ತಿರವಾದ ವಿಷಯ ಉಪವಾಸ. ಅದನ್ನೇ ಸ್ವಲ್ಪ ವಿಸ್ತರಿಸುತ್ತೇನೆ. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವ ಗೃಹಸ್ಥನು ಹದಿನಾರು ಪ್ರಹರಗಳ ಕಾಲ ಆರಂಭಗಳನ್ನು ಬಿಟ್ಟು ಸ್ವಾಧ್ಯಾಯ ಸಾಮಾಯಿಕಗಳಲ್ಲಿ ಇರತಕ್ಕದ್ದು. ಕೊಟ್ಟಿಗೆಯ ಕೆಲಸವು ಆರಂಭವೇ ಅಲ್ಲವೆ? ಸಗಣಿ ಬಾಚುವುದು, ಹುಲ್ಲು ಕೊಯ್ಯುವುದು, ನೀರು ಸೇದುವುದು, ಇವುಗಳಲ್ಲಿ ಸ್ಥಾವರ ಜೀವಿಗಳ ಹಾನಿ ಇದ್ದೇ ಇದೆ. ಆದುದರಿಂದ ಅಂದು ಕೊಟ್ಟಿಗೆಯ ಕಡೆಗೆ ತಲೆ ಹಾಕಬಾರದೆಂದು ತಿಳಿದು, ಕೆಲಸವನ್ನೆಲ್ಲ ಆಳಿಗೆ ಒಪ್ಪಿಸಿ ಬಸದಿಗೆ ಹೋಗುವ ಧರ್ಮಿಷ್ಠರಿದ್ದಾರೆ. ಆಳು ಬಂದರೆ ಸರಿ, ಬಾರದಿದ್ದರೆ? ಸಂಜೆ ಬಸದಿಯಿಂದ ಮರಳಿದ ಯಜಮಾನನು ಉಪವಾಸದಿಂದ ಪ್ರಸನ್ನನಾಗಿರುತ್ತಾನೆ, ಕೊಟ್ಟಿಗೆಯಲ್ಲಿ ನಾಲ್ಕು ಜೀವಗಳೂ ಉಪವಾಸವಿರುತ್ತವೆ. ಆತನದು ವ್ರತ. ಅವುಗಳದು ಅನ್ನಪಾನನಿರೋಧ. ಕೊರಳಿಗೆ ಹಗ್ಗವಿರುವ ಪಶುವು ತಾನಾಗಿ ಹೊಳೆಗೆ ಹೋಗಿ ನೀರು ಕುಡಿಯಲಾರದು. ಅದರ ಕಾಲನ್ನು ನಾವು ಕಟ್ಟಿಕೊಂಡ ದಿನವೇ ಅದರ ಬಾಯಿಯ ಹೊಣೆಯೂ ನಮ್ಮದಾಯಿತು. ತಿಥಿಯನ್ನು ನೋಡಿ ಆ ಹೊಣೆಯು ಬಿಟ್ಟುಹೋಗುವುದಿಲ್ಲ.

ಎಂಟನೆಯ ಪ್ರತಿಮೆಯಲ್ಲಿ ಆರಂಭತ್ಯಾಗವನ್ನು ಮಾಡಿದವರು ಹೊಲವನ್ನೂ ದನವನ್ನೂ ಮಕ್ಕಳಿಗೆ ಬಿಟ್ಟುಕೊಟ್ಟಿರುತ್ತಾರೆ, ಅವರ ಮಾತು ಬೇರೆ. ಅದಕ್ಕೆ ಕೆಳಗಿನ ಮೆಟ್ಟಿಲಲ್ಲಿರುವ ನಾವು, ಪರ್ವದ ದಿನ ಯಾವ ಆರಂಭವನ್ನು ಬಿಡಬೇಕೆಂಬುದನ್ನು ವಿವೇಕದಿಂದ ಆರಿಸಬೇಕು. ಉಳುಮೆಯನ್ನು ಬಿಡಬಹುದು, ಎತ್ತಿಗೂ ಅಂದು ಬಿಡುವು ದೊರೆಯುವುದು. ವ್ಯಾಪಾರವನ್ನು ಬಿಡಬಹುದು. ಮೇವು ನೀರುಗಳನ್ನು ಬಿಡಲಾಗದು. ಹಾಲು ಕರೆಯುವುದನ್ನೂ ಬಿಡಲಾಗದೆಂದೇ ನಾನು ಹೇಳುತ್ತೇನೆ. ಹೊತ್ತಿಗೆ ಹತ್ತು ಲೀಟರು ಕೊಡುವಂತೆ ಮಾಡಿಟ್ಟ ಮಿಶ್ರತಳಿಯ ಆಕಳನ್ನು ಒಂದು ಹೊತ್ತು ಕರೆಯದೆ ಬಿಟ್ಟರೆ ಕೆಚ್ಚಲು ಕಲ್ಲಾಗುತ್ತದೆ, ಬಾವು ಬರುವ ಸಂಭವವೂ ಉಂಟು. ಅಂದಿನ ಹಾಲನ್ನು ಮನೆಯಲ್ಲಿ ಯಾರೂ ಕುಡಿಯದಿರಬಹುದು, ಕರುವಿಗೆ ಎರಡು ಮೊಲೆ ಹೆಚ್ಚು ಬಿಡಬಹುದು, ಉಳಿದುದನ್ನು ಬಾಣಂತಿ ಇರುವ ಬಡವರ ಮನೆಗೆ ಕಳಿಸಬಹುದು. ಕೆಚ್ಚಲನ್ನು ಮಾತ್ರ ಬರಿದು ಮಾಡಲೇಬೇಕು.

ಇನ್ನೊಂದು ಸಣ್ಣ ಸಂಗತಿ. ಪ್ರೋಷಧೋಪವಾಸಕ್ಕೂ ಐದು ಅತಿಚಾರಗಳಿವೆ; ಅವುಗಳಲ್ಲಿ ಮೂರು, ನೋಡದೆ ಗುಡಿಸದೆ ವಸ್ತುಗಳನ್ನು ಇಡುವುದು ತೆಗೆಯುವುದು ಹಾಸುವುದು ಇವುಗಳಿಗೆ ಸಂಬಂಧಿಸಿದವು. ಉಪವಾಸದ ದಿನ ಮೈ ಸೋತಿರುತ್ತದೆ, ಹುಲ್ಲನ್ನು ಹಾಗೆಯೇ ತಂದು ಎಸೆಯುವುದಾಗುತ್ತದೆ. ಮಳೆಗಾಲದಲ್ಲಿ ಹಳೆಯ ಬಣವೆಯ ಅಡಿಯಲ್ಲಿ, ಗೋದಲಿಯ ಮೂಲೆಯಲ್ಲಿ ಎಷ್ಟು ಜೀವಿಗಳಿರುತ್ತವೆಂಬುದು ನೋಡಿದವರಿಗೆ ಗೊತ್ತು. ಗೋದಲಿಯನ್ನು ಮೆತ್ತನೆಯ ಪೊರಕೆಯಿಂದ ಗುಡಿಸಿ, ಹುಲ್ಲನ್ನು ಕೊಡವಿ ಹಾಕುವುದು ಅಂದಿನ ಮಟ್ಟಿಗೆ ಸ್ವಾಧ್ಯಾಯಕ್ಕೆ ಕಡಿಮೆಯಾದ ಧರ್ಮವೇನೂ ಅಲ್ಲ. ಪಾರಣೆಯ ದಿನ ದನಗಳಿಗೆ ನೀರು ಮೇವು ಆದ ಮೇಲೆಯೇ ತಾವು ಬಾಯಿಗೆ ನೀರು ಹಾಕಿಕೊಳ್ಳುವ ಮನೆಗಳು ನಮ್ಮಲ್ಲಿ ಇಂದಿಗೂ ಇವೆ. ರಾತ್ರಿಭೋಜನತ್ಯಾಗವನ್ನು ದನಗಳ ಮೇಲೂ ಹೊರಿಸಿ ಸೂರ್ಯಾಸ್ತದ ಮೇಲೆ ಮೇವು ನೀರು ಇಡದ ಒಂದೆರಡು ಮನೆಗಳನ್ನೂ ಕಂಡಿದ್ದೇನೆ. ಇದು ಭಕ್ತಿಯ ಅತಿರೇಕ. ದನವು ವ್ರತವನ್ನು ಸ್ವೀಕರಿಸಿಲ್ಲ. ಬೇಸಗೆಯ ರಾತ್ರಿ ಅದಕ್ಕೆ ಬಾಯಾರಿಕೆಯಾಗುತ್ತದೆ. ಬೆಳಕಿರುವಾಗಲೇ ಮೇವನ್ನೂ ತೊಟ್ಟಿಯ ನೀರನ್ನೂ ಸಿದ್ಧವಾಗಿಟ್ಟರೆ ದೀಪ ಹಿಡಿದು ಓಡಾಡುವ ಅಗತ್ಯವೂ ಬಾರದು. ಹಾಲು ಕೊಡುವ ಆಕಳು ತಾನು ಕೊಡುವ ಒಂದೊಂದು ಲೀಟರು ಹಾಲಿಗೂ ಮೂರರಿಂದ ಐದು ಲೀಟರು ನೀರು ಕುಡಿಯಬೇಕಾಗುತ್ತದೆ ಎಂಬುದನ್ನು ನೆನಪಿಡಬೇಕು.

ಆದಿನಾಥ ತೀರ್ಥಂಕರರಿಗೆ ದೀಕ್ಷೆಯ ಅನಂತರ ಬಹುಕಾಲ ಆಹಾರ ದೊರೆಯದೆ, ಕಡೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಕಬ್ಬಿನ ಹಾಲನ್ನಿತ್ತುದು ಎಲ್ಲರೂ ಬಲ್ಲ ವೃತ್ತಾಂತ. ಪುರಾಣವು ಇದಕ್ಕೆ ಕೊಡುವ ಕಾರಣ, ಮುನಿಗಳಿಗೆ ಆಹಾರ ಕೊಡುವ ವಿಧಿ ಆ ಕಾಲದ ಜನರಿಗೆ ತಿಳಿಯದಿದ್ದುದು. ಹಳ್ಳಿಗಳಲ್ಲಿ ಅಜ್ಜಿಯರು ಹೇಳುವ ಕಾರಣ ಬೇರೆ: ಹಿಂದೆ ಕಣದಲ್ಲಿ ಹಂತಿ ತುಳಿಯುವ ಎತ್ತು ಕಾಳು ತಿನ್ನದಂತೆ ಬಾಯಿಗೆ ಕುಕ್ಕೆ ಕಟ್ಟಲು ಹೇಳಿದುದರ ಅಂತರಾಯ ಕರ್ಮವಿದು ಎಂದು. ಪುರಾಣದ ಪ್ರಾಮಾಣ್ಯ ಈ ಕಥೆಗೆ ಇರಲಿ ಇಲ್ಲದಿರಲಿ, ವೃಷಭವನ್ನೇ ಲಾಂಛನವಾಗುಳ್ಳ ಜಿನನ ವಿಷಯದಲ್ಲಿ ಇಂಥ ಮಾತನ್ನು ಕಟ್ಟಿದ ಜನರು ಅನ್ನಪಾನನಿರೋಧವನ್ನು ಎಷ್ಟು ದೊಡ್ಡ ದೋಷವೆಂದು ಎಣಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಬಂಧದ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಕಟ್ಟದೆ ಸಾಕಲು ಬಯಲಿಲ್ಲ, ಬಿಟ್ಟರೆ ನೆರೆಯವರ ಬೆಳೆ ಉಳಿಯದು. ಆದರೆ ಕಟ್ಟಿದ ಪಶು ಮಲಗಲು, ಏಳಲು, ತಲೆ ತಿರುಗಿಸಿ ಮೈ ನೆಕ್ಕಿಕೊಳ್ಳಲು ಹಗ್ಗದಲ್ಲಿ ಎಡೆ ಇರಬೇಕು. ಬೆಂಕಿ ಬಿದ್ದರೆ ಒಂದೇ ಎಳೆತಕ್ಕೆ ಬಿಚ್ಚುವ ಗಂಟಿರಬೇಕೆಂದು ಹಿಂದಿನ ವ್ಯಾಖ್ಯಾನಕಾರರು ಹೇಳಿದ್ದು ಸೋಗೆಯ ಮಾಡಿನ ಕೊಟ್ಟಿಗೆಗಳಿಗೆ ಇಂದಿಗೂ ಸಲ್ಲುವ ಮಾತು. ಛೇದದಲ್ಲಿ ಮೂಗುದಾರ, ಕೊಂಬು ಸುಡಿಸುವುದು, ಹೋರಿಯ ಬೀಜ ಒಡೆಸುವುದು ಇವೆಲ್ಲ ಬರುತ್ತವೆ. ಸರ್ಕಾರದವರು ಕಿವಿಗೆ ಹಾಕುವ ಹನ್ನೆರಡು ಅಂಕೆಯ ಹಳದಿ ಬಿಲ್ಲೆಯೂ ಛೇದವೇ ಎಂದು ಒಬ್ಬ ತರುಣರು ನನ್ನನ್ನು ಕೇಳಿದ್ದುಂಟು. ಕಿವಿಗೆ ತೂತು ಬೀಳುವುದು ನಿಜ. ಲಸಿಕೆಯ ಲೆಕ್ಕಕ್ಕಾಗಿ, ಪಶುವಿನ ಹಿತಕ್ಕಾಗಿ ಆಗುವ ಆ ಚುಚ್ಚುವಿಕೆಯನ್ನು ಸಿಟ್ಟಿನಿಂದ ಕಿವಿ ಕೊಯ್ಯುವುದರೊಡನೆ ಸಮವಾಗಿ ತೂಗಲಾಗದು; ಅತಿಚಾರವು ಕಷಾಯದಿಂದ, ಪ್ರಮಾದದಿಂದ ಆಗುವುದೇ ಹೊರತು ವೈದ್ಯನ ಸೂಜಿಯಿಂದಲ್ಲ. ಕರುವಿನ ಕೊಂಬನ್ನು ಸುಡಿಸುವಾಗ ಮಾತ್ರ ಮರಗಟ್ಟಿಸುವ ಮದ್ದನ್ನು ಕೊಡಿಸಿರೆಂದು ವೈದ್ಯರಿಗೆ ಹೇಳಬಾರದೆ? ಹೇಳಿದರೆ ಕೊಡುತ್ತಾರೆ. ಯಾರೂ ಹೇಳುವುದಿಲ್ಲ.

ಉಣ್ಣೆಗಳ ವಿಷಯ ತೊಡಕಿನದು. ಆಕಳ ಮೈಯ ಉಣ್ಣೆಯೂ ತ್ರಸಜೀವಿ. ಅದು ತರುವ ಜ್ವರದಿಂದ ಮಿಶ್ರತಳಿಯ ಆಕಳುಗಳು ಸಾಯುವುದೂ ಉಂಟು. ಗೋಡೆಯ ಬಿರುಕುಗಳಿಗೆ ಮಣ್ಣು ಮೆತ್ತಿ, ಸುಣ್ಣ ಬಳಿದು, ನೆಲವನ್ನು ಒಣಗಿಸಿ ಅವು ಹುಟ್ಟದಂತೆ ನೋಡಿಕೊಳ್ಳುವುದು ನಮ್ಮ ಮೊದಲ ಕರ್ತವ್ಯ. ಅದನ್ನು ಮಾಡದೆ ಸೋಮಾರಿತನದಿಂದ ಬಿಟ್ಟು, ಮೈತುಂಬ ಹತ್ತಿದ ಮೇಲೆ ಮದ್ದು ಹೊಡೆದು, ಇದು ವಿರೋಧೀ ಹಿಂಸೆ, ಗೃಹಸ್ಥನಿಗೆ ದೋಷವಿಲ್ಲ ಎಂದು ಕೈ ತೊಳೆದುಕೊಳ್ಳುವ ವಾದ ನನಗೆ ರುಚಿಸದು. ಪ್ರತಿಕ್ರಮಣದಲ್ಲಿ ಅದನ್ನು ನೆನೆಯುವುದಾದರೂ ಬೇಡವೆ?

ಅತಿಭಾರವೆಂದರೆ ಗಾಡಿಗೆ ಹೆಚ್ಚು ಚೀಲ ಹೇರುವುದೆಂದೇ ನಾವು ಓದಿಕೊಂಡು ಬಂದಿದ್ದೇವೆ. ಟ್ರ್ಯಾಕ್ಟರು ಬಂದ ಮೇಲೆ ಹೇರುವ ಎತ್ತುಗಳೇ ಕಡಿಮೆಯಾದುವು, ಆದ್ದರಿಂದ ಈ ಅತಿಚಾರವು ತಾನಾಗಿ ಕಳೆಯಿತೆಂದು ತಿಳಿಯಬಾರದು. ಇಂದಿನ ಭಾರ ಕೆಚ್ಚಲಿನಲ್ಲಿದೆ. ಕರೆಯುವ ಆಕಳಿಗೆ ಎರಡೂವರೆ ಲೀಟರು ಹಾಲಿಗೆ ಒಂದು ಕಿಲೋ ಹಿಂಡಿಬೂಸಾ ಮೈಪೋಷಣೆಯದಕ್ಕೆ ಮೇಲಾಗಿ ಇಡಬೇಕೆಂಬುದು ರೂಢಿಯ ಲೆಕ್ಕ. ಹಾಲನ್ನು ಮಾತ್ರ ಪೂರ್ತಿ ತೆಗೆದುಕೊಂಡು ಹಿಂಡಿಯಲ್ಲಿ ಕೈ ಹಿಡಿದರೆ ಆ ಹಾಲು ಅದರ ಎಲುಬಿನಿಂದಲೇ ಇಳಿಯುವುದು. ಕರು ಸತ್ತ ಎಮ್ಮೆ ತೊರೆ ಬಿಡದಿದ್ದಾಗ ಸತ್ತ ಕರುವಿನ ತೊಗಲಿಗೆ ಹುಲ್ಲು ತುಂಬಿ ಮುಂದೆ ನಿಲ್ಲಿಸುವುದು, ಸೂಜಿಮದ್ದು ಚುಚ್ಚಿ ಹಾಲಿಳಿಸುವುದು, ಇವು ಎಲ್ಲಿಯೋ ನಡೆಯುವ ಸಂಗತಿಗಳಲ್ಲ. ಪಶುವಿನ ಆರೋಗ್ಯಕ್ಕೆ ಹಾನಿಯಾಗುವಂತೆ ಹಾಲಿಗಾಗಿ ಸೂಜಿ ಚುಚ್ಚುವುದನ್ನು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯೇ ಅಪರಾಧವೆಂದಿದೆ. ಕಾಯಿದೆ ಬಿಟ್ಟರೂ ವ್ರತ ಬಿಡಬೇಕಲ್ಲ. ತೊಗಲಿನ ಕರುವನ್ನು ನೆಕ್ಕುವ ತಾಯಿಯ ಮುಂದೆ ಅಹಿಂಸಾವ್ರತದ ಜೊತೆಗೆ ಸತ್ಯವ್ರತವೂ ಪರೀಕ್ಷೆಗೆ ನಿಲ್ಲುತ್ತದೆ.

ಈಗ ಹೋರಿಗರುವಿನ ಮಾತು. ಎರಡು ಕರೆಯುವ ಆಕಳುಗಳಿರುವ ಮನೆಯನ್ನು ತೆಗೆದುಕೊಳ್ಳಿ. ಒಂದೊಂದು ಆಕಳು ಸುಮಾರು ಹದಿನಾಲ್ಕು ತಿಂಗಳಿಗೊಮ್ಮೆ ಈಯುವುದೆಂದರೆ ಹತ್ತು ವರ್ಷಗಳಲ್ಲಿ ಎರಡಕ್ಕೂ ಸೇರಿ ಹದಿನಾರು ಕರುಗಳು. ಅವುಗಳಲ್ಲಿ ಎಂಟು ಗಂಡು. ಬೆಳೆದ ಒಂದಕ್ಕೆ ದಿನಕ್ಕೆ ಐದೇ ಕಿಲೋ ಕಣಿಕಿ ಎಂದರೂ ಎಂಟಕ್ಕೆ ೪೦ ಕಿಲೋ, ವರ್ಷಕ್ಕೆ ೧೪,೬೦೦ ಕಿಲೋ. ಉಳುವುದಕ್ಕೆ ಬೇಡವಾದ ಇವುಗಳನ್ನು ಎರಡು ಎಕರೆಯ ರೈತನು ಹೇಗೆ ಸಾಕಬೇಕು? ನಮ್ಮ ಕೊಟ್ಟಿಗೆಗಳಲ್ಲಿ ಎಂಟು ಹೋರಿಗಳು ಕಾಣುವುದಿಲ್ಲ. ಎಲ್ಲಿ ಹೋದವು? ಸಂತೆಗೆ ಹೋದವು, ದಲ್ಲಾಳಿಯ ಕೈಗೆ ಹೋದವು. ಮಾರಿದವನು ರೈತನಿಗೇ ಮಾರಿದೆನೆನ್ನುತ್ತಾನೆ, ಕೊಂಡವನ ಊರನ್ನು ಕೇಳಿರುವುದಿಲ್ಲ. ಕೇಳದಿರುವುದೇ ಆ ವ್ಯಾಪಾರದ ಮುಖ್ಯ ಭಾಗ. ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಇದು ಯಾವುದು? ತಿಳಿದೂ ಮಾರಿದರೆ ಇದು ಉದ್ಯೋಗೀ ಹಿಂಸೆಯ ಮರೆಯಲ್ಲಿ ನಿಲ್ಲಲಾರದು. ಹೊಲ ಉಳುವಾಗ ಎರೆಹುಳು ಸಾಯುವುದನ್ನು ಯಾರೂ ಉದ್ದೇಶಿಸಿರುವುದಿಲ್ಲ. ಇಲ್ಲಿ ಹೋರಿಯ ಸಾವಿಗಾಗಿಯೇ ಹಣ ಕೈ ಸೇರುತ್ತದೆ.

ಕರ್ನಾಟಕದಲ್ಲಿ ೨೦೨೧ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯಿದೆಯು ಆಕಳು, ಹೋರಿ, ಎತ್ತುಗಳ ವಧೆಯನ್ನು ವಯಸ್ಸಿನ ಭೇದವಿಲ್ಲದೆ ನಿಷೇಧಿಸಿತು. ಎಮ್ಮೆ ಕೋಣಗಳಿಗೆ ಹದಿಮೂರು ವರ್ಷಗಳ ಮಿತಿಯನ್ನು ಇಟ್ಟಿತು. ನಮ್ಮವರಲ್ಲಿ ಅನೇಕರು ಇದರಿಂದ ಸಮಾಧಾನಪಟ್ಟರು. ಕಾಯಿದೆಯು ಕತ್ತಿಯನ್ನು ತಡೆಯಬಲ್ಲದು, ಹುಲ್ಲು ಹಾಕಲಾರದು. ರಾತ್ರಿ ಹಗ್ಗ ಬಿಚ್ಚಿ ಹೆದ್ದಾರಿಯಲ್ಲಿ ಬಿಟ್ಟುಬಂದ ಹೋರಿಗಳನ್ನು ಎಲ್ಲರೂ ನೋಡುತ್ತೇವೆ. ಕೋಣಗರುವಿನ ಗತಿ ಇದಕ್ಕಿಂತ ಕಠೋರ. ಅದನ್ನು ಮಾರುವುದೂ ಇಲ್ಲ, ಬಿಡುವುದೂ ಇಲ್ಲ. ತಾಯಿಯ ಮೊಲೆಗೆ ಬಿಡುವ ಹೊತ್ತು ದಿನದಿನಕ್ಕೆ ಕಡಿಮೆಯಾಗುತ್ತದೆ, ಮೂಲೆಯಲ್ಲಿ ಕಟ್ಟಿದ ಅದು ಒಂದೆರಡು ತಿಂಗಳಲ್ಲಿ ಒಣಗಿ ಸಾಯುತ್ತದೆ. ಕರು ಉಳಿಯಲಿಲ್ಲ ಎಂದು ಹೇಳುತ್ತಾರೆ. ಯಾರೂ ಕೊಂದಿಲ್ಲ, ಯಾರೂ ಕೊಲ್ಲಿಸಿಲ್ಲ. ಪ್ರಮಾದಯೋಗದಿಂದ ಪ್ರಾಣಗಳನ್ನು ಬೇರ್ಪಡಿಸುವುದೇ ಹಿಂಸೆಯೆಂದು ಉಮಾಸ್ವಾಮಿಗಳು ಹೇಳಿದ ಲಕ್ಷಣಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾನು ಕಾಣೆ. ಇಲ್ಲಿ ಅತಿಚಾರದ ಎಲ್ಲೆ ದಾಟಿ ಅನಾಚಾರವಾಗುತ್ತದೆ, ವ್ರತವೇ ಮುರಿದಿರುತ್ತದೆ.

ಲಿಂಗವನ್ನು ಬೇರ್ಪಡಿಸಿದ ವೀರ್ಯದಿಂದ ಗರ್ಭ ಕಟ್ಟಿಸಿದರೆ ನೂರಕ್ಕೆ ತೊಂಬತ್ತರಷ್ಟು ಹೆಣ್ಣುಗರುಗಳೇ ಹುಟ್ಟುವ ಉಪಾಯ ಈಗ ಬಂದಿದೆ. ಇದು ಪ್ರಕೃತಿಗೆ ವಿರುದ್ಧವೆಂದು ಹಿರಿಯರು ಕೆಲವರು ಆಕ್ಷೇಪಿಸುತ್ತಾರೆ. ಹುಟ್ಟಿಸಿ ಹಸಿವಿನಿಂದ ಕೊಲ್ಲುವುದಕ್ಕಿಂತ ಹುಟ್ಟದಂತೆ ನೋಡುವುದು ಮೇಲೆಂಬುದು ನನ್ನ ಮತ. ಆದರೂ ಇದರಿಂದ ಪ್ರಶ್ನೆ ತೀರದು. ಹೆಣ್ಣುಗರುವೂ ಒಂದು ದಿನ ಗೊಡ್ಡಾಗುತ್ತದೆ. ಐದಾರು ಸೂಲಿನ ಮೇಲೆ ಹಾಲು ಇಳಿಯಿತೆಂದು ಲಾಭದ ಲೆಕ್ಕದಿಂದ ತೆಗೆಯುವ ಆಕಳು ಇನ್ನೂ ಎಂಟು ಹತ್ತು ವರ್ಷ ಬದುಕಬಲ್ಲದು.

ಇದಕ್ಕೆ ಪರಿಹಾರವನ್ನು ನಾನು ಅಹಿಂಸಾಣುವ್ರತದಲ್ಲಿ ಹುಡುಕದೆ ಐದನೆಯ ಅಣುವ್ರತದಲ್ಲಿ ಹುಡುಕುತ್ತೇನೆ. ಪರಿಗ್ರಹ ಪರಿಮಾಣದಲ್ಲಿ ಧನ, ಧಾನ್ಯ ಎಂದು ಬರುತ್ತದಷ್ಟೆ. ಅಲ್ಲಿ ಧನವೆಂದರೆ ಗೋವು ಮೊದಲಾದವು ಎಂದು ಪೂಜ್ಯಪಾದರು ಅರ್ಥ ಹೇಳಿದ್ದಾರೆ. ನಾವು ಹೊಲದ ಎಕರೆಗೆ, ಚಿನ್ನದ ತೊಲೆಗೆ, ಸೀರೆಗಳಿಗೆ ಕೂಡ ಮಿತಿ ಬರೆಯುತ್ತೇವೆ; ದನಗಳಿಗೆ ಮಿತಿ ಬರೆಯುವಾಗ ಕರೆಯುವವನ್ನಷ್ಟೇ ಎಣಿಸುತ್ತೇವೆ. ಸಾಯುವ ತನಕ ಸಾಕಬಲ್ಲೆನೆಂಬಷ್ಟನ್ನೇ ಕಟ್ಟುವುದಾದರೆ, ನಾಲ್ಕು ಕರೆಯುವ ಎಮ್ಮೆಗಳಿರುವ ಮನೆಯಲ್ಲಿ ಬಹುಶಃ ಒಂದೇ ಇರಬೇಕಾದೀತು. ಆದಾಯ ಇಳಿಯುವುದು. ಇದು ಸಣ್ಣ ತ್ಯಾಗವೆಂದು ನಾನು ಹೇಳುವುದಿಲ್ಲ. ಹಾಲಿನ ದುಡ್ಡಿನಿಂದಲೇ ಮಕ್ಕಳ ಶಾಲೆಯ ಖರ್ಚು ತೂಗಿಸುವ ಬಡ ಶ್ರಾವಕರಿಗೆ ಇದನ್ನು ಉಪದೇಶಿಸಲು ಪಟ್ಟಣದ ಅಂಗಡಿಕಾರರಿಗೆ ಅಧಿಕಾರವಿಲ್ಲ. ಅವರು ಉಪದೇಶವನ್ನು ಬಿಟ್ಟು, ಒಂದು ಗೊಡ್ಡೆಮ್ಮೆಯ ಒಂದು ವರ್ಷದ ಮೇವನ್ನು ಅಭಯದಾನವೆಂದು ಹೊತ್ತುಕೊಳ್ಳಲಿ. ಪರ್ವದ ದಿನಗಳಲ್ಲಿ ಮೆರವಣಿಗೆಗೆ ಆಗುವ ವೆಚ್ಚದಲ್ಲಿ ಎಷ್ಟು ಬಣವೆಗಳು ನಿಲ್ಲಬಹುದೋ!

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಈ ವಿಷಯವನ್ನು ಮೆಟ್ಟಿಲುಗಳಾಗಿ ಇಟ್ಟಿದ್ದಾರೆ. ನೈಷ್ಠಿಕ ಶ್ರಾವಕನು ದನಗಳಿಂದ ಜೀವನೋಪಾಯ ನಡೆಸುವುದನ್ನೇ ಬಿಡುವುದು ಉತ್ತಮ. ಇಟ್ಟುಕೊಂಡರೆ ಕಟ್ಟದೆ ಇಟ್ಟುಕೊಳ್ಳುವುದು ಅದಕ್ಕೆ ಕೆಳಗಿನದು. ಕಟ್ಟಲೇಬೇಕಾದರೆ ನಿರ್ದಯವಾಗಿ ಕಟ್ಟದಿರುವುದು ಕಡೆಯದು. ಪಟ್ಟಣದ ನಮ್ಮ ಮಕ್ಕಳ ಪ್ರಶ್ನೆ ಇಂದು ನಿನ್ನೆಯದಲ್ಲವೆಂಬುದು ಇದರಿಂದ ತಿಳಿಯುವುದು. ಹಾಲು ಬಿಡುತ್ತೇನೆನ್ನುವ ಹುಡುಗಿಯನ್ನು ಮನೆಯವರು ಹಾಸ್ಯ ಮಾಡಬಾರದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರು ರಸಗಳಲ್ಲಿ ಒಂದನ್ನೋ ಎಲ್ಲವನ್ನೋ ಬಿಡುವ ರಸಪರಿತ್ಯಾಗ ನಮ್ಮ ತಪಸ್ಸಿನಲ್ಲಿ ಇದ್ದೇ ಇದೆ, ಮುನಿಗಳು ನಿತ್ಯವೂ ಆಚರಿಸುತ್ತಾರೆ. ಅದು ಇಂದ್ರಿಯಜಯಕ್ಕಾಗಿ, ಇದು ಪಶುದಯೆಗಾಗಿ ಎಂಬ ಭೇದವಿರಬಹುದು. ಬಿಟ್ಟ ವಸ್ತು ಒಂದೇ. ಆದರೆ ಆ ಹುಡುಗಿಗೂ ಒಂದು ಮಾತು ಹೇಳಬೇಕಾಗುತ್ತದೆ. ಅವಳು ಹಾಲು ಬಿಟ್ಟ ದಿನವೂ ಅವಳ ಅಜ್ಜನ ಕೊಟ್ಟಿಗೆಯಲ್ಲಿ ಮೂರು ಜೀವಗಳು ಮೇವಿಗಾಗಿ ಕಾದಿರುತ್ತವೆ. ಹಾಲನ್ನು ಬಿಡುವುದು ಅವಳ ಇಚ್ಛೆ, ಅವುಗಳನ್ನು ಬಿಡುವಂತಿಲ್ಲ.

ಚಾತುರ್ಮಾಸ್ಯದಲ್ಲಿ ಪರಿಗ್ರಹ ಪರಿಮಾಣವನ್ನು ಬರೆದುಕೊಳ್ಳುವ ಶ್ರಾವಕರು ಕಾಗದದಲ್ಲಿ ಎಮ್ಮೆ ಎರಡು, ಆಕಳು ಒಂದು ಎಂದಷ್ಟೇ ಬರೆಯದೆ, ಹುಟ್ಟುವ ಕರು, ಗೊಡ್ಡಾಗುವ ಎಮ್ಮೆ, ಒಂದು ಬರಗಾಲಕ್ಕೆ ಸಾಲುವ ಬಣವೆ ಇವುಗಳನ್ನೂ ಬರೆಯಬಹುದು. ೨೦೨೩ರ ಬರದಲ್ಲಿ ಮೇವಿಗಾಗಿ ಪರದಾಡಿದವರಿಗೆ ಕಡೆಯ ಲೆಕ್ಕದ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಬರೆಯುವಾಗ ಮನೆಯ ಹೆಣ್ಣುಮಕ್ಕಳನ್ನು ಜೊತೆಗೆ ಕೂಡಿಸಿಕೊಳ್ಳಬೇಕು. ಯಾವ ಎಮ್ಮೆಗೆ ಎಷ್ಟು ಹಿಂಡಿ, ಯಾವ ಕರುವಿಗೆ ಎಷ್ಟು ಮೊಲೆ ಎಂಬುದು ಹೆಚ್ಚಿನ ಮನೆಗಳಲ್ಲಿ ಅವರಿಗೇ ಗೊತ್ತು, ವ್ರತದ ಕಾಗದಕ್ಕೆ ಸಹಿ ಹಾಕುವ ಯಜಮಾನರಿಗಲ್ಲ.